ತುಂಗೆಗಾಗಿ ಬಂದವರಿಗೆಲ್ಲ ನಮಸ್ಕಾರ

ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ಹಸು ತುಂಗೆ ತೀರಿಕೊಂಡು ಈ ದೀಪಾವಳಿಗೆ ಒಂದು ವರ್ಷವಾಯಿತು. ಆ ದಿನಗಳಲ್ಲಿ ಜೊತೆಗೆ ನಿಂತವರಿಗೆ ಒಂದು ಮಾತನ್ನೂ ಹೇಳಲು ನಮ್ಮಿಂದ ಆಗಲಿಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ನೆರೆಯವರಿಗೂ ನೆಂಟರಿಗೂ ಇಂದು ಈ ಬರಹದ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಬಲಿಪಾಡ್ಯಮಿಯ ಗೋಪೂಜೆಯಂದು ಅವಳ ಮೈ ತೊಳೆದು, ಕೊರಳಿಗೆ ಅಡಿಕೆ ಮತ್ತು ಚೆಂಡುಹೂವಿನ ಮಾಲೆ ಹಾಕಿ, ಮನೆಗೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಕಡುಬು, ಅನ್ನ, ಪಾಯಸ ತಿನ್ನಿಸಿದೆವು. ಸಂಜೆ ಉಳಿದ ಅನ್ನವನ್ನು ಅಕ್ಕಚ್ಚಿನ ಬಾನಿಗೆ ಸುರಿದವನು ನಾನೇ. ಮರುದಿನ ಬೆಳಿಗ್ಗೆ ಅವಳು ಮೆಲುಕು ಹಾಕುತ್ತಿರಲಿಲ್ಲ, ಹಲ್ಲು ಕಡಿಯುತ್ತಿದ್ದಳು, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತಿತ್ತು. ದೃಷ್ಟಿ ತಾಗಿರಬೇಕೆಂದು ನಿವಾಳಿಸಿ ಮಧ್ಯಾಹ್ನದವರೆಗೆ ಕಾದೆವು. ಆ ಅರ್ಧ ದಿನವನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕರೆದ ಕೂಡಲೇ ಹಬ್ಬದೂಟ ಬಿಟ್ಟು ಬಂದ ಪಶುವೈದ್ಯರಿಗೆ ನನ್ನ ಮೊದಲ ನಮಸ್ಕಾರ. ಅಡುಗೆ ಸೋಡಾ ಕರಗಿಸಿದ ನೀರು ಕುಡಿಸಿ, ಡ್ರಿಪ್ ಏರಿಸಿ, ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕುಳಿತಿದ್ದರು. ಬೆಳಗಿನ ಜಾವ ತುಂಗೆ ಹೋದ ಮೇಲೂ ಅವಸರಪಡದೆ ಕಾರಣವನ್ನು ಬಿಡಿಸಿ ಹೇಳಿದರು. ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಅಲ್ಲಿಗೆ ಅನ್ನ, ಬೆಲ್ಲದಂಥವು ಒಮ್ಮೆಲೇ ರಾಶಿಯಾಗಿ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ಆ ಹುಳಿಯು ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಂಡು, ಕಣ್ಣು ಗುಳಿಬಿದ್ದ ಹಸು ನೆಲ ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ಮೊದಲ ಕೆಲವು ಗಂಟೆಗಳೇ ಮುಖ್ಯವಂತೆ.

ನೆಂಟರಿಗೆ ಬೇರೆಯಾಗಿಯೇ ವಂದಿಸಬೇಕು. ಏನೇನು ತಿನ್ನಿಸಿದ್ದೀರಿ ಎಂದು ವೈದ್ಯರು ಕೇಳಿದಾಗ ಒಬ್ಬರೂ ಮುಚ್ಚಿಡಲಿಲ್ಲ. ಚಿಕ್ಕಮ್ಮನಂತೂ ದೂರದೂರಿನಿಂದ ಫೋನಿನಲ್ಲೇ ಅಳುತ್ತ, ತಾವು ಕೊಟ್ಟ ಕಡುಬಿನ ಲೆಕ್ಕ ಹೇಳಿದರು. ಅವರೆಲ್ಲ ಹಾಗೆ ಹೇಳಿದ್ದರಿಂದಲೇ ಹಾವನ್ನೋ ಮಾಟವನ್ನೋ ದೂರುತ್ತ ಕೂರದೆ ನಿಜವನ್ನು ತಿಳಿಯಲು ನಮಗೆ ಸಾಧ್ಯವಾಯಿತು. ಚಿಕ್ಕಮ್ಮಾ, ನಿಮ್ಮದು ತಪ್ಪಲ್ಲ. ಬಾನಿ ತುಂಬಿಸಿದ ಕೈ ನನ್ನದು.

ತೋಟದ ಮೂಲೆಯಲ್ಲಿ ಆಳವಾಗಿ ಗುಂಡಿ ತೆಗೆದು, ಉಪ್ಪು ಸುಣ್ಣ ಹಾಕಿ ಅವಳನ್ನು ಮಣ್ಣು ಮಾಡಿದ ಕೇರಿಯ ಹುಡುಗರಿಗೂ ಋಣಿಯಾಗಿದ್ದೇನೆ. ಇನ್ನೂ ಹಾಲು ಬಿಡದಿದ್ದ ಕರುವಿಗೆ ತಮ್ಮ ಹಸುವಿನ ಹಾಲನ್ನು ಎರಡು ಹೊತ್ತೂ ತಂದು ಕುಡಿಸಿದ ಪಕ್ಕದ ಮನೆಯ ಅಕ್ಕನಿಗೆ ಏನು ಹೇಳಿದರೂ ಕಡಿಮೆಯೇ. ಹಣದ ಮಾತೆತ್ತಿದ್ದಕ್ಕೆ ಅವರು ನನ್ನ ಮೇಲೆ ಸಿಟ್ಟಾಗಿದ್ದರು.

ಈ ವರ್ಷ ನಮ್ಮ ಕೇರಿಯ ಮನೆಗಳಲ್ಲಿ ಗೋಗ್ರಾಸವೆಂದು ಪ್ರತಿ ಹಸುವಿಗೆ ಒಂದೇ ಕಡುಬು ಕೊಟ್ಟು, ಉಳಿದಂತೆ ಹಸಿಹುಲ್ಲನ್ನೇ ಹಾಕಿದರು. ನಾನು ಯಾರನ್ನೂ ಕೇಳಿಕೊಂಡಿರಲಿಲ್ಲ. ತುಂಗೆಯ ಕರುವಿನ ಹಣೆಗೆ ಕುಂಕುಮವಿಟ್ಟು ಮೊದಲ ಹಿಡಿ ಹುಲ್ಲು ಕೊಟ್ಟವರು ಪಕ್ಕದ ಮನೆಯ ಆ ಅಕ್ಕನೇ.