ಆಯಿಯ ಡೇರೆ ಗಡ್ಡೆ, ನನ್ನ ಬಾಲ್ಕನಿ

ಲೈಡನ್, ನೆದರ್‌ಲ್ಯಾಂಡ್ಸ್

ತೀರ್ಥರೂಪ ಅಪ್ಪಯ್ಯನವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ಆಯಿ ಡೇರೆ ಹೂವಿನ (ಡೇಲಿಯಾ) ಕುಂಡ ಸರಿಸಲು ಹೋಗಿ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿಬಿದ್ದಳೆಂದೂ, ಮೊಣಕಾಲು ಬಾತಿದ್ದರೂ ಮೂರನೆಯ ದಿನವೇ ಶಿರಸಿ ಪೇಟೆಯಿಂದ ಮತ್ತೆ ನಾಲ್ಕು ಕೊಟ್ಟೆ (ಚೀಲ) ಗಿಡ ತಂದಳೆಂದೂ ಓದಿ ಮೊದಲು ಗಾಬರಿಯಾಯಿತು. ಆಮೇಲೆ, ಸುಳ್ಳೇಕೆ ಹೇಳಲಿ, ಯಾವ ಬಣ್ಣದವು ಎಂದು ಕೇಳುವ ಮನಸ್ಸೂ ಆಯಿತು. ಫೋನಿನಲ್ಲಿ ವಿಚಾರಿಸಿದರೆ "ಎಂತೂ ಆಜಿಲ್ಲೆ" ಎಂದು ಮಾತು ಮುಗಿಸುತ್ತಾಳೆ. ಕೊಳೆರೋಗಕ್ಕೆ ಅಡಿಕೆಯ ಅರ್ಧ ಫಸಲು ಹೋಗಿ, ಮೂರನೆಯ ಸಲದ ಬೋರ್ಡೋ ಔಷಧಿ ಸಿಂಪಡಣೆಗೆ ನೀವು ದುಡ್ಡು ಹೊಂದಿಸುತ್ತಿರುವ ವರ್ಷದಲ್ಲಿ ಹೂಗಿಡಕ್ಕೆ ಹಣ ಸುರಿದರೆ ಸಿಟ್ಟು ಬರುವುದು ನ್ಯಾಯವೇ. ಆದರೆ ಅವಳಿಗೆ ಬುದ್ಧಿ ಹೇಳುವ ಕೆಲಸವನ್ನು ನನಗೆ ವಹಿಸಬೇಡಿ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ನಮ್ಮ ಬಾಲ್ಕನಿಯಲ್ಲಿ ಈಗ 26 ಕುಂಡಗಳಿವೆ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮಲಗುವ ಕೋಣೆಗೆ ಬಂದಿದೆ. ನೀರು ತಮ್ಮ ಕಿಟಕಿಗೆ ಸೋರುತ್ತದೆಂದು ಕೆಳಗಿನ ಮನೆಯವರು ಎರಡು ಸಲ ಚೀಟಿ ಅಂಟಿಸಿದ್ದಾರೆ. ಇನ್ನು ಗಿಡ ತರುವುದಿಲ್ಲವೆಂದು ನಿಮ್ಮ ಅಳಿಯನಿಗೆ ಮಾತು ಕೊಟ್ಟಿದ್ದೆ. ಶನಿವಾರದ ಸಂತೆಯಲ್ಲಿ ಸಂಜೆ ಹೊತ್ತಿಗೆ ಉಳಿದ ಗಿಡಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆ, ನಾನೇನು ಮಾಡಲಿ?

ಆ 26 ಕುಂಡಗಳಲ್ಲಿ ಒಂಬತ್ತು ಡೇರೆಯೇ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಗಡ್ಡೆ ನೆಟ್ಟರೆ ಚೌತಿಗೆ ಹೂವು. ಇಲ್ಲಿಯವರು ಮೇ 11ರಿಂದ 15ರವರೆಗಿನ "ಹಿಮಸಂತರ" ದಿನಗಳು (ವಸಂತದ ಕೊನೆಯ ಹಿಮ ಬೀಳಬಹುದಾದ ದಿನಗಳು) ಕಳೆಯುವ ತನಕ ಗಡ್ಡೆಯನ್ನು ಹೊರಗೆ ನೆಡುವುದಿಲ್ಲ, ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಅಗೆದು ಪೆಟ್ಟಿಗೆಯಲ್ಲಿಡುತ್ತಾರೆ. ಸೆಪ್ಟೆಂಬರಿನ ಮೊದಲ ಭಾನುವಾರ ಝುಂಡರ್ಟ್ ಎಂಬ ಊರಿಗೆ ಹೋಗಿದ್ದೆವು. 1936ರಿಂದ ಅಲ್ಲಿ ಡೇರೆ ಹೂವಿನ ಮೆರವಣಿಗೆ ನಡೆಯುತ್ತಿದ್ದು, ಇಪ್ಪತ್ತು ಕೇರಿಯವರು ಪೈಪೋಟಿಯಿಂದ ಇಪ್ಪತ್ತು ಮೀಟರ್‌ವರೆಗೆ ಉದ್ದದ ತೇರುಗಳನ್ನು ಕಟ್ಟಿ, ಅವುಗಳ ಮೈತುಂಬ ಕೈಯಿಂದಲೇ ಹೂ ಕೂರಿಸುತ್ತಾರೆ. ಮಾರಿಕಾಂಬೆಯ ತೇರನ್ನು ಕಂಡ ನನಗೆ ಎತ್ತರ ದೊಡ್ಡದೆನಿಸಲಿಲ್ಲ. ಆದರೆ ಅಷ್ಟು ಡೇರೆಯನ್ನು ಒಂದೇ ಕಡೆ ಆಯಿ ನೋಡಬೇಕಿತ್ತು.

ಕಳೆದ ಸಲದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲ್ಲಿಗೆ ಕಡ್ಡಿಯನ್ನು ಯಾರ ಕೈಯಲ್ಲೂ ಕಳಿಸಬಾರದೆಂದು ಅವಳಿಗೆ ಹೇಳಿ. 2019ರ ಡಿಸೆಂಬರಿನಿಂದ ಯುರೋಪಿಗೆ ಗಿಡ, ಗಡ್ಡೆ, ಬೀಜ ಯಾವುದೇ ಬಂದರೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ಅನಾನಸು, ತೆಂಗಿನಕಾಯಿ, ಖರ್ಜೂರ, ಡುರಿಯನ್ ಈ ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ.

ಈಗ ಕಾಲಿನ ವಿಷಯ. ಊತ ಇಳಿದಿದ್ದರೂ ಶಿರಸಿಗೆ ಕರೆದೊಯ್ದು ಎಲುಬಿನ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ಮಾಡಿಸಿ. ಎಣ್ಣೆ ತಿಕ್ಕುವುದು ಸಾಕು. ಗಿಡ ಕಿತ್ತು ಎಸೆಯುವ ಮಾತನ್ನು ದಯವಿಟ್ಟು ಬಿಡಿ, ಬಿದ್ದ ನೋವಿಗಿಂತ ಅವಳಿಗೆ ಅದೇ ಹೆಚ್ಚು ನೋವು. ಬಾವಿಯ ದಾರಿಗೆ ಅಡಿಕೆ ಮರದ ಸೀಳು ದಬ್ಬೆ ಹಾಸಿಸಿ, ಮೆಟ್ಟಿಲ ಮೇಲಿನ ಕುಂಡಗಳನ್ನೆಲ್ಲ ಕೊಟ್ಟಿಗೆಯ ಪಕ್ಕ ಸೊಂಟದೆತ್ತರದ ಕಲ್ಲುಕಟ್ಟೆಗೆ ಏರಿಸಿದರೆ ಅವಳು ಬಗ್ಗುವುದೂ ತಪ್ಪುತ್ತದೆ. ಖರ್ಚಿಗೆಂದು ಹದಿನೈದು ಸಾವಿರ ರೂಪಾಯಿ ಕಳಿಸಿದ್ದೇನೆ. ನಿಮ್ಮ ಖಾತೆಗೇ ಹಾಕಿದ್ದೇನೆ, ಕಾರಣ ನಿಮಗೆ ಗೊತ್ತೇ ಇದೆ.

ನನ್ನ ಬಗ್ಗೆ ಸ್ವಲ್ಪವೂ ಚಿಂತೆ ಬೇಡ. ಊಟ, ನಿದ್ದೆ, ಕೆಲಸ ಎಲ್ಲ ಸರಿಯಾಗಿದೆ, ಚಳಿ ಇನ್ನೂ ಶುರುವಾಗಿಲ್ಲ, ಶುರುವಾದರೂ ಮನೆಯೊಳಗೆ ಬೆಚ್ಚಗಿರುತ್ತದೆ, ಬಾಲ್ಕನಿಯ ಕಟಕಟೆಯೂ ಗಟ್ಟಿಯಾಗಿದೆ. ರೈಲಿಗೆ ಹೊತ್ತಾಯಿತು, ಇಲ್ಲಿಗೇ ನಿಲ್ಲಿಸುತ್ತೇನೆ. ಅಣ್ಣ, ಅತ್ತಿಗೆಗೆ ನಮಸ್ಕಾರ ತಿಳಿಸಿ. ಎಕ್ಸ್‌ರೇ ಆದ ದಿನವೇ ಫೋನ್ ಮಾಡಿ.

ನಿಮ್ಮ ಮಗಳು

ಮರೆತಿದ್ದೆ: ಆ ನಾಲ್ಕು ಕೊಟ್ಟೆಯಲ್ಲಿ ಬಿಳಿ ಅಂಚಿನ ಕೆಂಪು ಡೇರೆ ಇದ್ದರೆ, ಒಂದು ಗಡ್ಡೆ ನನ್ನ ಹೆಸರಿನಲ್ಲಿ ಇಟ್ಟಿರಲು ಆಯಿಗೆ ಹೇಳಿ.