ತಿನ್ನಬಹುದು ಎಂದು ಮಾರಿದ ಚಿನ್ನದ ಪುಡಿಯ ಬಗ್ಗೆ ದೂರು

ಇವರಿಗೆ,
ದೂರು ವಿಭಾಗದ ಅಧಿಕಾರಿಗಳು,
ಬೇಕಿಂಗ್ ಸಾಮಗ್ರಿಗಳ ಆನ್‌ಲೈನ್ ಮಳಿಗೆ

ಇವರಿಂದ,
ನಿಮ್ಮ ಗ್ರಾಹಕಿ, ಮಂಗಳೂರು

ವಿಷಯ: ಆಹಾರಕ್ಕೆ ಬಳಸಬಾರದ ಲಸ್ಟರ್ ಡಸ್ಟನ್ನು (ಹೊಳಪಿನ ಪುಡಿಯನ್ನು) ‘ಎಡಿಬಲ್’ (ತಿನ್ನಬಹುದಾದದ್ದು) ಎಂದು ಮಾರಿದ್ದು

ಮಾನ್ಯರೇ,

ನಾನು ಮನೆಯಲ್ಲೇ ಕುಕೀಸ್, ಮ್ಯಾಕರಾನ್ (ಬಾದಾಮಿ ಹಿಟ್ಟಿನ, ನಡುವೆ ಕ್ರೀಮ್ ತುಂಬಿದ ಬಿಸ್ಕತ್ತು) ಮಾಡಿ ಮಾರುವವಳು. ಫೆಬ್ರವರಿ ಮೊದಲ ವಾರ ನಿಮ್ಮಿಂದ ಚಿನ್ನದ ಬಣ್ಣದ ಲಸ್ಟರ್ ಡಸ್ಟ್ ತರಿಸಿಕೊಂಡೆ. ಅದರ ವಿವರದಲ್ಲಿ ‘ಎಡಿಬಲ್’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಪಕ್ಕದಲ್ಲೇ ಹೊಳೆಯುವ ಮ್ಯಾಕರಾನ್‌ಗಳ ಫೋಟೊ ಇದೆ. ಆದರೆ ನನ್ನ ಕೈಗೆ ಬಂದ ಬಾಟಲಿಯ ಅಸಲಿ ಲೇಬಲ್ ಬೇರೆಯದೇ ಹೇಳುತ್ತದೆ. ಅದು ಅಲಂಕಾರಕ್ಕೆ ಮಾತ್ರ, ತಿನ್ನುವ ಮೊದಲು ತೆಗೆಯಬೇಕು ಎಂದು ಅದರಲ್ಲಿ ಬರೆದಿದೆ. ಆ ಬರಹ ಕಾಣದಂತೆ ಅದರ ಮೇಲೆ ನಿಮ್ಮ ಅಂಗಡಿಯ ಸ್ಟಿಕ್ಕರ್ ಅಂಟಿಸಲಾಗಿತ್ತು.

ಇದು ಗೊತ್ತಾಗಿದ್ದು ವ್ಯಾಲೆಂಟೈನ್ಸ್ ಡೇಯ ಹಿಂದಿನ ರಾತ್ರಿ. ಕೆಲಸ ಮುಗಿಸಿ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ನಿಮ್ಮ ಸ್ಟಿಕ್ಕರಿನ ಒಂದು ಮೂಲೆ ಎದ್ದು ಬಂತು. ಕೆಳಗೆ ಇನ್ನೊಂದು ಲೇಬಲ್ ಕಂಡಿತು. ಪೂರ್ತಿ ಬಿಡಿಸಿದಾಗ ‘ನಾನ್ ಟಾಕ್ಸಿಕ್’ (ವಿಷವಲ್ಲ) ಎಂದು ದೊಡ್ಡದಾಗಿಯೂ, ಮೇಲೆ ಹೇಳಿದ ಎಚ್ಚರಿಕೆ ಸಣ್ಣ ಅಕ್ಷರದಲ್ಲಿಯೂ ಇತ್ತು. ಅದರಲ್ಲಿ ಏನೇನು ಸೇರಿದೆ ಎಂಬ ವಿವರ ಇಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇಲ್ಲ. ತಯಾರಿಸಿದವರು ಯಾರು, ಯಾವ ದೇಶದಲ್ಲಿ ತಯಾರಾಯಿತು, ಯಾವ ಬ್ಯಾಚು, ಎಷ್ಟು ದಿನ ಬಾಳಿಕೆ, ಒಂದೂ ಇಲ್ಲ. ಎರಡೂ ಲೇಬಲ್‌ಗಳ ಫೋಟೊ ಕಳಿಸಿದ್ದೇನೆ, ದಯವಿಟ್ಟು ದೊಡ್ಡದು ಮಾಡಿ ನೋಡಿ.

ಅಷ್ಟು ಹೊತ್ತಿಗೆ ಆ ಪುಡಿ ಮ್ಯಾಕರಾನ್‌ಗಳ ಮೇಲೆ ಏರಿ ಆಗಿತ್ತು. ಮರುದಿನ ಒಂದು ನಿಶ್ಚಿತಾರ್ಥಕ್ಕೆ ಕೊಡಬೇಕಾಗಿದ್ದ ಡಬ್ಬಿಗಳವು. ಹುಡುಗ ಹುಡುಗಿ ಇಬ್ಬರೂ ಅದೇ ದಿನ ಬೇಕು ಅಂತ ತಿಂಗಳ ಮೊದಲೇ ಹೇಳಿಟ್ಟಿದ್ದರು. ಕೆಂಪು ಹೃದಯದ ಆಕಾರ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರ. ಚಿಟಿಕೆ ಪುಡಿಗೆ ಎರಡು ಹನಿ ನಿಂಬೆ ಎಕ್ಸ್‌ಟ್ರ್ಯಾಕ್ಟ್ ಹಾಕಿ ಕಲಸಿ, ಸಣ್ಣ ಬ್ರಷ್‌ನಲ್ಲಿ ಒಂದೊಂದಾಗಿ ಬರೆದಿದ್ದೆ. ಎಲ್ಲವನ್ನೂ ಎಸೆದೆ. ಹಸಿವಾಯಿತೆಂದು ಅಡುಗೆಮನೆಗೆ ಬರುವ ನನ್ನ ಮಕ್ಕಳ ಕೈಗೆ ಸಿಗಬಾರದು ಅಂತ ಕವರಿಗೆ ಕಟ್ಟಿ ಎಸೆದೆ.

ಒಂದು ಮ್ಯಾಕರಾನ್ ಹಿಂದೆ ಎಷ್ಟು ಕೆಲಸ ಇದೆ ಅಂತ ಈ ವ್ಯಾಪಾರದಲ್ಲಿರುವ ನಿಮಗೆ ಗೊತ್ತಿರಲೇಬೇಕು. ಬಾದಾಮಿ ಹಿಟ್ಟು, ಐಸಿಂಗ್ ಶುಗರ್ ಎರಡನ್ನೂ ಜರಡಿ ಹಿಡಿಯಬೇಕು. ಮೊಟ್ಟೆಯ ಬಿಳಿ ಭಾಗವನ್ನು ಸಕ್ಕರೆ ಜೊತೆ ಗಟ್ಟಿಯಾಗಿ ನೊರೆ ಬರಿಸಬೇಕು. ಬಣ್ಣ ನೀರಾಗಿದ್ದರೆ ನೊರೆ ಇಳಿದುಹೋಗುತ್ತದೆ, ಹಾಗಾಗಿ ಜೆಲ್ ಅಥವಾ ಪುಡಿ ಬಣ್ಣವೇ ಆಗಬೇಕು. ಆಮೇಲೆ ಹಿಟ್ಟನ್ನು ಸ್ಪಾಟುಲಾದಿಂದ ಎತ್ತಿದರೆ ರಿಬ್ಬನ್ ಹಾಗೆ ಜಾರುವವರೆಗೆ ಮಡಚಿ ಮಡಚಿ ಕಲಸಬೇಕು. ಒಂದು ಸುತ್ತು ಜಾಸ್ತಿಯಾದರೆ ಹರಡಿಹೋಗುತ್ತದೆ. ಹೃದಯದ ಆಕಾರಕ್ಕೆ ಪೈಪಿಂಗ್ ಬ್ಯಾಗ್‌ನಿಂದ ಎರಡು ಬೊಟ್ಟು ಇಟ್ಟು ಕೆಳಗೆ ಎಳೆದು, ಚೂಪು ತುದಿಯನ್ನು ಸೂಜಿಯಿಂದ ತಿದ್ದಬೇಕು. ಮೇಲೆ ಒಣಗಿ ಪದರ ಕಟ್ಟಿದ ಮೇಲೆಯೇ ಓವನ್‌ಗೆ. ನಮ್ಮ ಮಂಗಳೂರಿನ ಸೆಕೆಯಲ್ಲಿ, ಗಾಳಿಯೇ ಒದ್ದೆ ಇರುವಾಗ, ಆ ಪದರ ಬೇಗ ಕಟ್ಟುವುದೇ ಇಲ್ಲ. ಎಸಿ ಹಾಕಿ ಕಾಯಬೇಕು. ಬೆಂದ ಮೇಲೆ ಕ್ರೀಮ್ ತುಂಬಿ ಒಂದು ದಿನ ಫ್ರಿಜ್‌ನಲ್ಲಿಟ್ಟರೇ ಒಳಗೆ ಮೆತ್ತಗೆ, ಮೇಲೆ ಗರಿಯಾಗಿ ಬರುವುದು. ಹಾಗಾಗಿ ಹಿಂದಿನ ರಾತ್ರಿ ಎಸೆದದ್ದನ್ನು ಬೆಳಿಗ್ಗೆಯೊಳಗೆ ಮತ್ತೆ ಮಾಡಲು ಸಾಧ್ಯವೇ ಇರಲಿಲ್ಲ.

ಗ್ರಾಹಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾಕರಾನ್ ಬದಲು ರಾತ್ರಿಯೇ ಸಕ್ಕರೆ ಕುಕೀಸ್ ಬೇಯಿಸಿದೆ. ಬಿಳಿ ರಾಯಲ್ ಐಸಿಂಗ್ ಹಸಿ ಇರುವಾಗಲೇ ಕೆಂಪು ಚುಕ್ಕಿ ಇಟ್ಟು, ನಡುವೆ ಸೂಜಿ ಎಳೆದು ಸಣ್ಣ ಹೃದಯಗಳ ಸಾಲು ಮಾಡಿಕೊಟ್ಟೆ. ಅವರು ದೊಡ್ಡ ಮನಸ್ಸಿನವರು, ಒಪ್ಪಿದರು. ಮ್ಯಾಕರಾನ್ ಹಣ ಮಾತ್ರ ವಾಪಸ್ ಕೊಟ್ಟೆ, ಅದು ನ್ಯಾಯವೇ. ಆದರೆ ಆ ನಷ್ಟ ನನ್ನದಾಗಬೇಕಾಗಿರಲಿಲ್ಲ.

ನಿಮ್ಮ ಕಸ್ಟಮರ್ ಕೇರ್‌ನವರಿಗೆ ಮರುದಿನವೇ ಹೇಳಿದೆ. ನಾನ್ ಟಾಕ್ಸಿಕ್ ಅಂತ ಇದ್ದರೆ ತಿಂದರೂ ಏನೂ ಆಗಲ್ಲ ಮೇಡಂ, ಎಲ್ಲರೂ ತಗೊಳ್ತಾರೆ ಎಂದರು. ಮುಂದಿನ ಖರೀದಿಗೆ ಕೂಪನ್ ಕೊಡ್ತೀವಿ ಎಂದರು. ನನ್ನ ದೂರು ಕೂಪನ್‌ಗಾಗಿ ಅಲ್ಲ. ನಿಮ್ಮ ಸಿಬ್ಬಂದಿ ಹೇಳಿದ ಆ ಮಾತು ಅಪಾಯದ್ದು.

ಮಕ್ಕಳ ಕ್ರೇಯಾನ್ ಮೇಲೂ ನಾನ್ ಟಾಕ್ಸಿಕ್ ಎಂದಿರುತ್ತದೆ. ಅದು ಊಟದ ವಸ್ತು ಅಂತ ಅರ್ಥವಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಇಂಥ ಪುಡಿಗಳ ಬಗ್ಗೆಯೇ ವರದಿ ಮಾಡಿದೆ. ರೋಡ್ ಐಲ್ಯಾಂಡ್‌ನಲ್ಲಿ 2018ರಲ್ಲಿ ಒಂದು ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳಿಗೆ ವಾಂತಿ, ಭೇದಿಯಾಯಿತು. ಕೇಕ್ ಮೇಲಿನ ಹೊಳೆಯುವ ಪುಡಿಯಲ್ಲಿದ್ದದ್ದು ತಾಮ್ರ. ಮಿಸ್ಸೂರಿಯಲ್ಲಿ 2019ರಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಇರುವುದು ಕಂಡುಬಂತು. ಅದರ ಜಾಡು ಹುಟ್ಟುಹಬ್ಬದ ಕೇಕಿನ ಮೇಲಿನ ಹೂವುಗಳಿಗೆ ಬಳಿದಿದ್ದ ಹಳದಿ ಪುಡಿಗೆ ಹೋಗಿ ಮುಟ್ಟಿತು. ಆ ಪುಡಿಗಳನ್ನು ಹಾಕಿದವರೂ ನನ್ನ ಹಾಗೆ ಅಂದವಾಗಿ ಕಾಣಲಿ ಅಂತಲೇ ಹಾಕಿರುತ್ತಾರೆ. ನಿಮ್ಮ ಬಾಟಲಿಯಲ್ಲಿ ತಾಮ್ರ ಇದೆಯೋ, ಬೇರೇನಿದೆಯೋ ನಾನು ಹೇಳಲಾರೆ. ಹೇಳಬೇಕಾದ ಲೇಬಲ್ಲೇ ಖಾಲಿ ಇದೆ.

ನಮ್ಮ ರಾಜ್ಯದಲ್ಲೂ ಇದು ಹೊಸ ವಿಷಯವಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ರೋಡಮೈನ್-ಬಿ ಎಂಬ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಸ್ತೆ ಬದಿಯ ಗಾಡಿಯವರಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ದೇಶದಾದ್ಯಂತ ಬೇಕರ್‌ಗಳಿಗೆ ಬಣ್ಣ ಮಾರುವ ನಿಮಗೆ ಇನ್ನೂ ಜಾಸ್ತಿ ಹೊಣೆ ಇರಬೇಕು, ಅಲ್ವಾ? ಕಾಜು ಬರ್ಫಿ ಮೇಲಿನ ಬೆಳ್ಳಿ ವರ್ಕ್‌ಗೂ (ತೆಳು ಹಾಳೆಗೂ) ನಮ್ಮಲ್ಲಿ ನಿಯಮ ಇದೆ. ಬೆಳ್ಳಿ ಶೇ 99.9 ಶುದ್ಧ ಇರಬೇಕು, ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತು ಬಳಸಬಾರದು. ನನ್ನ ಬಳಿ ಇರುವ ಬೇರೆ ಕಂಪನಿಯ ಕೆಂಪು ಜೆಲ್ ಬಾಟಲಿ ನೋಡಿದರೆ, ಕಾರ್ಮೋಸಿನ್ ಎಂಬ ಬಣ್ಣದ ಹೆಸರು, ಆ ಬಣ್ಣವನ್ನು ಗುರುತಿಸುವ ಐಎನ್‌ಎಸ್ 122 ಎಂಬ ಸಂಖ್ಯೆ, 14 ಅಂಕಿಯ ಲೈಸೆನ್ಸ್ ಸಂಖ್ಯೆ, ಎಲ್ಲಾ ಹೆಬ್ಬೆರಳಿನಷ್ಟು ಜಾಗದಲ್ಲೇ ಹಿಡಿಸಿದೆ. ನಾನು ಮನೆಯಲ್ಲಿ ಮಾಡುವವಳಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದೇನೆ, ನನ್ನ ಪ್ರತಿ ಡಬ್ಬಿಯ ಮೇಲೂ ಆ ಸಂಖ್ಯೆ ಇದೆ. ಅದನ್ನು ನಂಬಿ ಜನ ತಿನ್ನುತ್ತಾರೆ.

ಇನ್ನೊಂದು ವಿಷಯವನ್ನೂ ಸರಿಪಡಿಸಿ. ಐಸಿಂಗ್ ಮಾಡಲು ಬಳಸುವ, ನೀವು ಮಾರುವ ಮೆರಿಂಗ್ ಪೌಡರ್ ವಿವರದಲ್ಲಿ ಸಸ್ಯಾಹಾರದ ಹಸಿರು ಗುರುತು ಹಾಕಿದ್ದೀರಿ. ಡಬ್ಬಿಯಲ್ಲಿ ನೋಡಿದರೆ ಒಣಗಿಸಿದ ಮೊಟ್ಟೆಯ ಬಿಳಿ ಇದೆ. ಅದಕ್ಕೆ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಬರಬೇಕು. ಮೊಟ್ಟೆ ತಿನ್ನದ ಮನೆಯವರು ಕುಕೀಸ್ ಕೇಳುವಾಗ ಐಸಿಂಗ್‌ನಲ್ಲೂ ಮೊಟ್ಟೆ ಇರಬಾರದು ಎಂದು ನಂಬಿ ಆರ್ಡರ್ ಕೊಡುತ್ತಾರೆ.

ನಾನು ಕೇಳುವುದು ಇಷ್ಟು. ಲಸ್ಟರ್ ಡಸ್ಟ್ ಬೆಲೆ, ಕೊರಿಯರ್ ಖರ್ಚು, ಎಸೆದ ಮ್ಯಾಕರಾನ್‌ಗಳ ಬೆಲೆ ನನ್ನ ಖಾತೆಗೆ ವಾಪಸ್ ಬರಬೇಕು, ಲೆಕ್ಕ ಲಗತ್ತಿಸಿದ್ದೇನೆ. ಆ ಪುಡಿಯ ಮಾರಾಟ ಇವತ್ತೇ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕೊಂಡ ಪ್ರತಿಯೊಬ್ಬರಿಗೂ ನೀವೇ ಮೆಸೇಜ್ ಕಳಿಸಿ, ಆಹಾರಕ್ಕೆ ಬಳಸಬೇಡಿ ಎಂದು ಹೇಳಬೇಕು. ಈಸ್ಟರ್ ಹತ್ತಿರ ಬರುತ್ತಿದೆ. ನಮ್ಮ ಊರಿನಲ್ಲಿ ಮೊಟ್ಟೆ ಆಕಾರದ ಕುಕೀಸ್‌ಗೆ ಈಗಲೇ ಕೇಳುವವರಿದ್ದಾರೆ. ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆಯಲ್ಲಿ ನೆವ್ರಿ, ರೋಸ್ ಕುಕೀಸ್ ಜೊತೆ ಅಲಂಕರಿಸಿದ ಕುಕೀಸ್ ಇಡುವ ಮನೆಗಳೂ ಹೆಚ್ಚಾಗಿವೆ. ಚಿನ್ನದ ನಕ್ಷತ್ರ ಇದ್ದದ್ದನ್ನೇ ಮಕ್ಕಳು ಮೊದಲು ಎತ್ತಿಕೊಳ್ಳುವುದು. ನನ್ನ ಬಾಟಲಿಯ ಸ್ಟಿಕ್ಕರ್ ಎದ್ದು ಬಂತು, ಉಳಿದವರದು ಎದ್ದಿರುವುದಿಲ್ಲ. ಆ ಸ್ಟಿಕ್ಕರ್ ಅಂಟಿಸಿದ್ದು ನಿಮ್ಮ ಗೋದಾಮಿನಲ್ಲೋ, ನಿಮಗೆ ಸರಕು ಕೊಟ್ಟವರೋ ಎಂಬುದನ್ನೂ ತಿಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ತಪ್ಪು ಲೇಬಲ್ ಹಾಕಿದ ಆಹಾರ ವಸ್ತು ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡ ಇದೆ. ಉಳಿದ ಪುಡಿಯನ್ನು ಬಾಟಲಿ ಸಮೇತ ಹಾಗೇ ಇಟ್ಟಿದ್ದೇನೆ. ಆಹಾರ ಸುರಕ್ಷತಾ ಅಧಿಕಾರಿ ಕೇಳಿದರೆ ಪರೀಕ್ಷೆಗೆ ಕೊಡುತ್ತೇನೆ, ಹಾಗಾಗಿ ಅದನ್ನು ನಿಮಗೆ ವಾಪಸ್ ಕಳಿಸುವುದಿಲ್ಲ.

ಉತ್ತರ ಇಮೇಲ್‌ನಲ್ಲೇ ಬರೆದು ಕಳಿಸಿ, ಫೋನ್ ಮಾಡಿ ಹೇಳುವುದು ಬೇಡ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್, ಎರಡೂ ಲೇಬಲ್‌ಗಳ ಫೋಟೊ, ನಿಮ್ಮ ಮಾರಾಟ ವಿವರದ ಸ್ಕ್ರೀನ್‌ಶಾಟ್, ನಷ್ಟದ ಲೆಕ್ಕ