ಮಕ್ಕಳ ಮಾತು ಕೇಳುವವರು ಬೇಕು

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತೇನೆ. ಶೇಂಗಾ ಕೈಕೊಟ್ಟ ವರ್ಷ ಅಪ್ಪ-ಅಮ್ಮ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತಾರೆ. ಅಂಥ ಆರನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟೆಯಲ್ಲಿ ಅನ್ನ ಕಲಸುತ್ತಾ ಸುಮ್ನೆ ಕೂರುತ್ತಾಳೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಕ್ಕ ಕೂತು ಮಾತಾಡಿಸಿದರೆ ಎರಡು ತುತ್ತು ಜಾಸ್ತಿ ಉಣ್ಣುತ್ತಾಳೆ. ಮೇಷ್ಟ್ರು ಒಳ್ಳೆಯವರೇ, ಆದರೆ ಅವರಿಗೆ ಪಾಠದ ಜತೆ ದಾಖಲೆ ಬರೆಯುವ ಕೆಲಸವೂ ಇದೆ. ಬ್ಯಾಗ್ ಇಲ್ಲದ ಶನಿವಾರ ಆಟ, ಹಾಡು ಇದ್ದರೆ ಇದೇ ಮಕ್ಕಳು ನಗುತ್ತಾರೆ. ಅದು ವಾರವಾರವೂ ಇರಲಿ. ತಿಂಗಳಿಗೊಮ್ಮೆಯಾದರೂ ಆಪ್ತಸಮಾಲೋಚಕರು ಹಳ್ಳಿ ಶಾಲೆಗೆ ಬರಲಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ. ಈ ನಂಬರ್‌ಗಳನ್ನು ಅಡುಗೆಕೋಣೆ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಮಕ್ಕಳು ದಿನಾ ಸಾಲು ನಿಲ್ಲುವುದು ಅಲ್ಲೇ ಅಲ್ವಾ?

ಬಿಸಿಯೂಟದ ಅಡುಗೆಯವಳು, ಚಳ್ಳಕೆರೆ ತಾಲ್ಲೂಕು